ಹೊಸ ಬಡಾವಣೆ: ಬಣ್ಣಕ್ಕಿಂತ ಮೊದಲು ಚರಂಡಿ ನೋಡಿ

ಮಾನ್ಯರೇ,

ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರು ಟೈಲ್ಸ್, ಬಣ್ಣ, ಬಾಲ್ಕನಿ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಮೊದಲು ನೋಡಬೇಕಾದದ್ದು ಮನೆಯ ಹೊರಗಿದೆ. ಒಳಚರಂಡಿ ಮುಖ್ಯ ಕೊಳವೆಗೆ ಸೇರಿದೆಯೋ, ತಾತ್ಕಾಲಿಕ ಗುಂಡಿಗೆ ಬಿಟ್ಟಿದ್ದಾರೋ? ರಸ್ತೆಗೆ ಕೊನೆಯ ಪದರ ಡಾಂಬರು ಬಿದ್ದಿಲ್ಲವಾದರೆ ರಸ್ತೆಯ ಮಟ್ಟ ಇನ್ನೂ ಏರುತ್ತದೆ. ಮನೆಯ ನೆಲಮಟ್ಟ ಅದಕ್ಕಿಂತ ತಗ್ಗಾಗಿದ್ದರೆ ಮಳೆನೀರು ಹೊಸ್ತಿಲು ದಾಟುತ್ತದೆ.

ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಮೂಲೆಯಲ್ಲಿ ನಿಂತರೆ ಇಳಿಜಾರು ತಪ್ಪಿದೆ. ಟೈಲ್ಸ್ ಕಿತ್ತೇ ಸರಿಪಡಿಸಬೇಕು. (ದುಡ್ಡು ಕೈಸೇರಿದ ಮೇಲೆ ಬಿಲ್ಡರ್ ಫೋನ್ ಎತ್ತುವುದು ಅಪರೂಪ.) ಟೈಲ್ಸನ್ನು ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಸರಿಯಾಗಿ ತುಂಬಿಲ್ಲ. ಗಿಲಾವಿನ ಮೇಲಿನ ಕೂದಲೆಳೆ ಬಿರುಕು ಸಾಮಾನ್ಯವಾಗಿ ಒಣಗುವಾಗ ಬರುವಂಥದ್ದು, ಹೆದರಬೇಕಿಲ್ಲ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು 5 ಮಿಲಿಮೀಟರ್ ದಾಟಿದ ಬಿರುಕು ಅಡಿಪಾಯ ಕುಸಿಯುತ್ತಿರುವ ಲಕ್ಷಣವಿರಬಹುದು. ಸರಿಯಾಗಿ ದಮ್ಮಸ್ಸು ಮಾಡದ (ಒತ್ತಿ ಗಟ್ಟಿಗೊಳಿಸದ) ಭರ್ತಿ ಮಣ್ಣಿನ ಮೇಲೆ ಕಟ್ಟಿದಲ್ಲಿ ಇದು ಹೆಚ್ಚು. ಬಿಲ್ಡರ್ ಕಳಿಸಿದವರಿಗಲ್ಲ, ಹೊರಗಿನ ಎಂಜಿನಿಯರಿಗೆ ತೋರಿಸಿ.

ಎದುರಿನ ಖಾಲಿ ಜಾಗ ಜಾಹೀರಾತಿನಲ್ಲಿ ಉದ್ಯಾನವಾಗಿದ್ದರೆ ಸಾಲದು, ಮಂಜೂರಾದ ನಕ್ಷೆಯಲ್ಲೂ ಹಾಗೇ ಇರಬೇಕು. ವಾಸಯೋಗ್ಯ ಪ್ರಮಾಣಪತ್ರ ಬರುವವರೆಗೆ ಕೊನೆಯ ಕಂತು ತಡೆಹಿಡಿಯುವ ಷರತ್ತನ್ನು ಕರಾರಿನಲ್ಲೇ ಬರೆಸಿ.

– ಕಟ್ಟಡ ತಪಾಸಣೆ ಮಾಡುವ ಎಂಜಿನಿಯರುಗಳು