ಮೊದಲ 500 ಪ್ರತಿ ಖಾಲಿ, ಎಲ್ಲರಿಗೂ ಕೈಮುಗಿದೆ

ಮೊನ್ನೆ ಸಂಜೆ ಹಾಸನದ ಪುಸ್ತಕದಂಗಡಿಯಣ್ಣ ಫೋನ್ ಮಾಡಿ, "ಅಕ್ಕಾ, ನಿಮ್ಮ ಕಾದಂಬರಿ ಇನ್ನೊಂದಿಪ್ಪತ್ತು ಕಳಿಸಿ" ಅಂದರು. ಮನೆಯಲ್ಲಿ ಹುಡುಕಿದರೆ ನಾನು ಗುರುತು ಹಾಕಿಕೊಂಡ ಒಂದೇ ಪ್ರತಿ ಉಳಿದಿತ್ತು. ಅಚ್ಚು ಹಾಕಿಸಿದ್ದ 500 ಪ್ರತಿಯೂ ನಾಲ್ಕು ತಿಂಗಳಲ್ಲಿ ಮುಗಿದಿವೆ. ಕೊಂಡು ಓದಿದವರಿಗೆ, ಓದಿ ಇನ್ನೊಬ್ಬರ ಕೈಗೆ ಕೊಟ್ಟವರಿಗೆ ನಾನು ಋಣಿ.

ಇನ್ನೂ ಓದದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಥೆ ನಡೆಯುವುದು ಬೇಲೂರಿನಲ್ಲಿ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ, ಅಲ್ವಾ? ಅದಕ್ಕೆ ಕೆಲವೇ ದಿನ ಮುಂಚೆ ಒಬ್ಬ ಶಿಲ್ಪಿ ಕಾಣೆಯಾಗುತ್ತಾನೆ. ಅವನು ಮಾಡಿದ ವಿಗ್ರಹದ ಕೆಳಗಿದ್ದ ಅವನ ಹೆಸರನ್ನೂ ಯಾರೋ ಕೆತ್ತಿ ತೆಗೆದಿರುತ್ತಾರೆ. ಹುಡುಕಲು ಹೊರಡುವವನು ಲೆಕ್ಕಪತ್ರ ಬರೆಯುವ ಒಬ್ಬ ಸೇನಬೋವ. ಇವರಿಬ್ಬರೂ ನನ್ನ ಕಲ್ಪನೆ. ಹೆಸರು ಕೆತ್ತುತ್ತಿದ್ದದ್ದು ಮಾತ್ರ ನಿಜ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರ ಹೆಸರೂ ಬೇಲೂರಿನ ಕಲ್ಲಿನ ಮೇಲೆ ಇವತ್ತಿಗೂ ಇವೆ. ಅದನ್ನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು.

ಹಸ್ತಪ್ರತಿ ಒಬ್ಬ ಪ್ರಕಾಶಕರ ಹತ್ತಿರ ಎರಡು ವರ್ಷ ಸುಮ್ನೆ ಕೂತಿತ್ತು. ಇತಿಹಾಸ ಓದುವವರು ಪತ್ತೇದಾರಿ ಓದಲ್ಲ ಅಂತ ವಾಪಸ್ ಬಂತು. ಅವತ್ತು ತುಂಬಾ ಅತ್ತೆ. ದೊಡ್ಡಕ್ಕ ಚೀಟಿ ದುಡ್ಡು ತಂದು ಮುಂದಿಟ್ಟು, "ನೀನೇ ಅಚ್ಚು ಹಾಕ್ಸು" ಅಂದಳು. ಅಕ್ಕಾ, ನಿನಗೆ ಏನು ಹೇಳಲಿ.

ಹಳೆಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಸಂಪುಟವನ್ನು, 1902ರಲ್ಲಿ ಬಂದ ಹಾಸನ ಜಿಲ್ಲೆಯದು, ನಮ್ಮ ಕನ್ನಡ ಮೇಷ್ಟ್ರು ನನ್ನ ಜೊತೆ ಕೂತು ಸಾಲು ಸಾಲಾಗಿ ಓದಿಸಿದರು. ನಿವೃತ್ತರಾದ ಮೇಲೂ ಇಷ್ಟು ತಾಳ್ಮೆ!

ಆದರೆ ಕಥೆಯ ಗಂಟು ಬಿಚ್ಚಿದ್ದು ಬೇಲೂರಿನ ಒಬ್ಬ ಶಿಲ್ಪಿ ಅಜ್ಜ. "ಬಳಪದ ಕಲ್ಲು ಹೊಸದಾಗಿ ತೆಗೆದಾಗ ಮೆತ್ತಗಿರುತ್ತೆ ಕಣಮ್ಮ, ಗಾಳಿಗೆ ಬಿದ್ದಂಗೆಲ್ಲ ಗಟ್ಟಿಯಾಗುತ್ತೆ" ಅಂತ ಹೇಳಿ ನನ್ನ ಕೈಗೆ ಉಳಿ ಕೊಟ್ಟರು. ನನ್ನ ಹೆಸರಿನ ಮೊದಲಕ್ಷರ ಕೆತ್ತಿದೆ. ಮಡಿಲ ತುಂಬಾ ಹಿಟ್ಟಿನಂಥ ಪುಡಿ. "ಈಗ ಅಳಿಸು" ಅಂದರು. ಅಕ್ಷರ ಹೋಗುವ ತನಕ ಉಜ್ಜಿದೆ. ಅವರು ಕಲ್ಲನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರು. ಅಕ್ಷರ ಇದ್ದ ಕಡೆ ಸಣ್ಣ ತಗ್ಗು, ಅದರಲ್ಲಿ ನೆರಳು. "ಹೆಸರು ಹೋಯ್ತು, ಜಾಗ ಹೋಗ್ಲಿಲ್ಲ ನೋಡು." ಸೇನಬೋವ ದೀಪ ಹಿಡಿದು ಬರುವ ಅಧ್ಯಾಯ ಎಲ್ಲಿಂದ ಬಂತು ಅಂತ ಕೇಳಿದವರಿಗೆಲ್ಲ ಇದೇ ಉತ್ತರ.

ಅರಸೀಕೆರೆಯ ಓದುಗರೊಬ್ಬರಿಗೆ ಒಂದು ವಿಶೇಷ ನಮಸ್ಕಾರ. ನನ್ನ ಸೇನಬೋವ ಒಂದು ಕಡೆ ಒಣಮೆಣಸಿನಕಾಯಿ ಚಟ್ನಿ ತಿನ್ನುತ್ತಾನೆ. ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿದ್ದು, ಆಗ ಖಾರಕ್ಕೆ ಇದ್ದದ್ದು ಕಾಳುಮೆಣಸು ಅಂತ ಪ್ರೀತಿಯಿಂದ ಕಾಗದ ಬರೆದರು. ಇಷ್ಟು ಗಮನವಿಟ್ಟು ಓದುವವರು ಸಿಗುವುದೇ ಭಾಗ್ಯ. ಎರಡನೇ ಮುದ್ರಣದಲ್ಲಿ ಸರಿಮಾಡಿದ್ದೇನೆ.

ಆ ಮುದ್ರಣ ಶುಕ್ರವಾರ ಕೈಗೆ ಬರುತ್ತದೆ. ಕೃತಜ್ಞತೆಯ ಪುಟಕ್ಕೆ ಅಜ್ಜನ ಹೆಸರು ಕೇಳಿದ್ದೆ. "ಹೆಸರು ಯಾಕಮ್ಮ, ಕೆಲ್ಸ ಆಯ್ತಲ್ಲ" ಅಂದುಬಿಟ್ಟರು. ಅಳಿಸಿದ ಹೆಸರಿಗಾಗಿ ಒಂದು ಪುಸ್ತಕವನ್ನೇ ಬರೆದವಳಿಗೆ ಆ ಮಾತು ಒಪ್ಪಿಕೊಳ್ಳಲು ಕಷ್ಟವಾಯಿತು. ಆದರೂ ಅವರ ಇಷ್ಟದಂತೆ ಇಲ್ಲೂ ಬರೆದಿಲ್ಲ. ಅವರಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬೇಲೂರಿಗೆ ಹೋಗಿ, ದೀಪದ ಅಧ್ಯಾಯವನ್ನು ಅವರ ಜಗಲಿಯ ಮೇಲೆ ಕೂತು ನಾನೇ ಓದಿ ಹೇಳುತ್ತೇನೆ.