ಜಾಲತಾಣ ಕಟ್ಟಿಕೊಡುವವರು ಕೀಲಿಯನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಬಸವನಗುಡಿಯ ನಮ್ಮ ಪುಟ್ಟ ಓದುಗರ ಬಳಗದ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಜಾಲತಾಣವು ಕಳೆದ ತಿಂಗಳು, ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್ ಒಂದು ಅಪ್‌ಡೇಟ್ ಆದ ಮರುಕ್ಷಣವೇ ತೆರೆಯದಂತಾಯಿತು. ಇಂಥ ಹೊತ್ತಿನಲ್ಲಿ ತೊಂದರೆ ಎಲ್ಲಿದೆಯೆಂದು ತಿಳಿಸಿ, ಒಳಹೋಗಲು ಕೊಂಡಿಯೊಂದನ್ನು ನಿರ್ವಾಹಕರ ಇಮೇಲ್‌ಗೆ ಕಳುಹಿಸುವ ವ್ಯವಸ್ಥೆ 2019ರಲ್ಲಿ ಬಂದ ವರ್ಡ್‌ಪ್ರೆಸ್‌ನ 5.2ನೇ ಆವೃತ್ತಿಯಿಂದಲೂ ಇದೆ. ಆದರೆ ನಮ್ಮಲ್ಲಿ ನಮೂದಾಗಿದ್ದುದು ತಾಣವನ್ನು ಕಟ್ಟಿಕೊಟ್ಟು, ಈಗ ಫೋನ್ ಕೂಡ ಎತ್ತದ ಸಂಸ್ಥೆಯ ಇಮೇಲ್. ಕೊನೆಗೆ ತಾಣದ ಕಡತಗಳನ್ನು ಇರಿಸಿರುವ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರಿನಲ್ಲಿ ಪ್ಲಗಿನ್ಸ್ ಫೋಲ್ಡರಿನ ಹೆಸರು ಬದಲಿಸಿ, ನಿರ್ವಹಣಾ ಪುಟ ತೆರೆದು ಎಲ್ಲವೂ ನಿಷ್ಕ್ರಿಯವಾದದ್ದನ್ನು ಖಚಿತಪಡಿಸಿಕೊಂಡು, ಹಳೆಯ ಹೆಸರನ್ನೇ ಮರಳಿ ಇಟ್ಟು, ಒಂದೊಂದನ್ನೇ ಚಾಲೂ ಮಾಡುತ್ತ ಹೋದಾಗ ತಪ್ಪಿತಸ್ಥ ಸಿಕ್ಕಿಬಿದ್ದಿತು. ಅದು ಬರೀ ಫೋಟೊ ಸರಿಸುವ ಪ್ಲಗಿನ್!

ತಾಣದ ಹೊರನೋಟವನ್ನು ನಿರ್ಧರಿಸುವ ಥೀಮಿನ ಕಥೆ ಬೇರೆ. ಇಂಗ್ಲಿಷ್ ಲಿಪಿಯ ಅಳತೆಗೆ ಹೊಲಿದ ಆ ಥೀಮಿನಲ್ಲಿ ಸಾಲುಗಳ ನಡುವಿನ ಅಂತರ ತೀರ ಕಿರಿದಾಗಿದ್ದು, ತಲೆಬರಹದಲ್ಲಿದ್ದ ‘ಸಂಸ್ಕೃತಿ’ಯ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಗಲುತ್ತಿತ್ತು. ಅಂತರವನ್ನು 1.2ರಿಂದ 1.7ಕ್ಕೆ ಏರಿಸಿ ಸರಿಪಡಿಸಿದ್ದೆವು. ಅದನ್ನು ನಮ್ಮ ಬದಲಾವಣೆಗಳನ್ನು ಬೇರೆಯಾಗಿ ಇಡುವ ಚೈಲ್ಡ್ ಥೀಮಿನಲ್ಲಿ ಬರೆಯದೆ ಮೂಲ ಥೀಮಿನ ಕಡತದಲ್ಲೇ ಬರೆದದ್ದರಿಂದ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಯಿತು. ಈ ತಪ್ಪು ನಮ್ಮದೇ.

ತಾಣ ಮಾಡಿಸುವ ಸಂಘಸಂಸ್ಥೆಗಳು ಕೊನೆಯ ಕಂತಿನ ಹಣ ಕೊಡುವ ಮೊದಲೇ ನಿರ್ವಾಹಕ ಖಾತೆ, ಹೋಸ್ಟಿಂಗ್, ಡೊಮೇನ್ (ತಾಣದ ವಿಳಾಸ) ಮೂರನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ವಿನಂತಿ. ನಮ್ಮ ಡೊಮೇನ್ ಇನ್ನೂ ಆ ಸಂಸ್ಥೆಯ ಹೆಸರಿನಲ್ಲೇ ಇದೆ. ಪತ್ರ ಬರೆದು ಕಾಯುತ್ತಿದ್ದೇವೆ.

– ಓದುಗರ ಬಳಗದ ಕಾರ್ಯದರ್ಶಿ, ಬಸವನಗುಡಿ, ಬೆಂಗಳೂರು