ಹಳೆಯ ಬಂಗಾರದ ನಾಣ್ಯಗಳನ್ನು ಇನ್ನು ತೂಕದ ಲೆಕ್ಕಕ್ಕೆ ಕೊಳ್ಳುವುದಿಲ್ಲ: ಗ್ರಾಹಕರಿಗೆ ಪತ್ರ

ಸಾಗರ

ಮಾನ್ಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಹಳೆಯ ಬಂಗಾರದ ನಾಣ್ಯಗಳನ್ನು ತೂಗಿ, ಆ ದಿನದ ರೇಟು ಹಾಕಿ ಕೊಳ್ಳುವುದನ್ನು ನಿಲ್ಲಿಸುತ್ತಿದ್ದೇವೆ. ಬಳೆ, ಸರ, ಓಲೆ, ಮುರಿದ ಉಂಗುರ ಎಲ್ಲ ಮೊದಲಿನಂತೆಯೇ ನಡೆಯುತ್ತದೆ. ನಾಣ್ಯ ತಂದರೆ ಮಾತ್ರ ಮೊದಲು ಪರೀಕ್ಷೆ ಮಾಡಿ, ಏನು ಎತ್ತ ಎಂದು ಬರೆದ ಚೀಟಿ ಕೊಡುತ್ತೇವೆ. ಮಾರುವ ಮಾತು ಆಮೇಲೆ.

ಬಂಗಾರದ ಬೆಲೆ ಏರಿದಾಗಲೆಲ್ಲ ಮನೆಗಳಲ್ಲಿ ಹಳೆ ಪೆಟ್ಟಿಗೆಗಳು ತೆರೆಯುತ್ತವೆ. ಪಾಲಾದ ಮನೆಗಳಿಂದ ಈಚೆಗೆ ಹಳೆ ಅರಸರ ಕಾಲದ ವರಹ, ‘ಹಣ’ ಎಂಬ ಸಣ್ಣ ಬಂಗಾರದ ನಾಣ್ಯ, ಬ್ರಿಟಿಷರ ಸವರನ್‌ಗಳು ಹೆಚ್ಚು ಬರುತ್ತಿವೆ. ಮದುವೆ ಗಿರಾಕಿಗಳ ಗಲಾಟೆಯ ನಡುವೆ ಐದು ನಿಮಿಷದಲ್ಲಿ ಮುಗಿಸುವ ಕೆಲಸವಲ್ಲ ಅದು. ಮೂಸೆಗೆ ಹಾಕಿದ ಮೇಲೆ ಯಾರ ಕಾಲದ ನಾಣ್ಯವಾದರೂ ಉಳಿಯುವುದು ಗ್ರಾಂ ಲೆಕ್ಕ ಮಾತ್ರ.

ನಮ್ಮ ಸೀಮೆಯದೇ ಉದಾಹರಣೆ ಹೇಳುತ್ತೇವೆ. ಇಲ್ಲಿ ಹೆಚ್ಚಾಗಿ ಬರುವುದು ಶಿವ-ಪಾರ್ವತಿ ಕೂತಿರುವ ವರಹ, ಸುಮಾರು 3.4 ಗ್ರಾಂ ತೂಕದ್ದು. ‘ಇಕ್ಕೇರಿ ವರಹ’ ಎಂದೇ ಎಲ್ಲರೂ ತರುತ್ತಾರೆ. ಆದರೆ ಈ ಮುಖವನ್ನು ವಿಜಯನಗರದ ಅರಸರೂ ಹಾಕಿಸಿದ್ದರು, ಕೆಳದಿ ನಾಯಕರೂ ಹಾಕಿಸಿದರು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ದೇವರ ಮುಖವನ್ನು ಹಾಗೆಯೇ ಬಿಟ್ಟು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಫಾರ್ಸಿ ಅಕ್ಷರ ಹಾಕಿಸಿದ. ಜನ ನಂಬಿದ ನಾಣ್ಯ, ಬದಲಿಸಿದರೆ ವ್ಯಾಪಾರ ಕೆಡುತ್ತದೆ ಎಂಬ ಲೆಕ್ಕ ಇದ್ದಿರಬೇಕು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ಶಿವ-ಪಾರ್ವತಿ, ಹಿಂದೆ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’. ನಾಲ್ಕೂ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಒಂದೇ. ಸಂಗ್ರಾಹಕರ ಬಳಿ ಒಂದೇ ಅಲ್ಲ. ಹಿಂಬದಿಯ ಅಕ್ಷರ ಎಷ್ಟು ಸ್ಪಷ್ಟ, ಅಚ್ಚು ನಡುವಿಗೆ ಬಿದ್ದಿದೆಯೇ, ಸರಕ್ಕೆಂದು ತೂತು ಹೊಡೆದಿದ್ದಾರೆಯೇ, ಕೊಂಡಿ ಬೆಸೆದಿದ್ದಾರೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಸವರನ್ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಇರಲಿ. 22 ಕ್ಯಾರೆಟ್, 7.98 ಗ್ರಾಂ, ಅದರಲ್ಲಿ ಅಪ್ಪಟ ಬಂಗಾರ 7.32 ಗ್ರಾಂ. ಲೋಕವೆಲ್ಲ ಹರಡಿರುವ ನಾಣ್ಯವಾದ್ದರಿಂದ ಸಾಮಾನ್ಯ ವರ್ಷದವು ಬಂಗಾರದ ಬೆಲೆಗಿಂತ ಅಷ್ಟೇನೂ ಮೇಲೆ ಹೋಗುವುದಿಲ್ಲ. 1918ರದ್ದಾದರೆ ಕುದುರೆ ಸವಾರನ ಚಿತ್ರವಿರುವ ಬದಿಯಲ್ಲಿ, ಕುದುರೆಯ ಕಾಲಡಿಯ ನೆಲದ ಮೇಲೆ ಸಣ್ಣದೊಂದು ಇಂಗ್ಲಿಷಿನ ‘I’ ಅಕ್ಷರ ಇದೆಯೇ ನೋಡಿ. ಇದ್ದರೆ ಅದು ಮುಂಬಯಿ ಟಂಕಸಾಲೆಯದು. ಅಲ್ಲಿ ಆ ಒಂದೇ ಇಸವಿಯ ಅಚ್ಚಿನಲ್ಲಿ ಸುಮಾರು 13 ಲಕ್ಷ ನಾಣ್ಯ ಹೊಡೆದರು, ಹಾಗಾಗಿ ಅದನ್ನು ಅಪರೂಪ ಎನ್ನಲಾಗದು.

ಪರೀಕ್ಷೆಯ ಕ್ರಮವೂ ಬದಲಾಗುತ್ತಿದೆ. ನಾಣ್ಯವನ್ನು ಒರೆಗಲ್ಲಿಗೆ ಉಜ್ಜುವುದಿಲ್ಲ, ಆಸಿಡ್ ಮುಟ್ಟಿಸುವುದಿಲ್ಲ. ಕ್ಯಾರೆಟ್ ನೋಡುವ ಯಂತ್ರ ಮೇಲ್ಪದರವನ್ನಷ್ಟೇ ಓದುತ್ತದೆ. ಅದಕ್ಕೇ ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗುತ್ತೇವೆ. ಸರಿಯಾದ ಸವರನ್ ನೀರಿನಲ್ಲಿ 0.45 ಗ್ರಾಂ ಆಸುಪಾಸು ಹಗುರಾಗುತ್ತದೆ. ಅದೇ ಅಳತೆಯ ಹಿತ್ತಾಳೆ ಬಿಲ್ಲೆಗೆ ಬಂಗಾರದ ನೀರು ಕೊಟ್ಟಿದ್ದರೆ ಮೊದಲ ತೂಕದಲ್ಲೇ ಅರ್ಧಕ್ಕೆ ನಿಲ್ಲುತ್ತದೆ. ಕಷ್ಟವಿರುವುದು ಬಂಗಾರದಲ್ಲೇ ಮಾಡಿದ ನಕಲಿಗಳಲ್ಲಿ. ಕಳೆದ ಶತಮಾನದ ನಡುವಿನಲ್ಲಿ ಲೆಬನಾನಿನ ಬೇರೂತ್ ಕಡೆ ಇಂಥ ಸವರನ್‌ಗಳನ್ನು ಮಾಡಿದ್ದು ನಾಣ್ಯ ವ್ಯಾಪಾರದವರಿಗೆಲ್ಲ ಗೊತ್ತು. ತೂಕ ಸರಿ, ಕ್ಯಾರೆಟ್ ಸರಿ, ಅಚ್ಚು ಮಾತ್ರ ಸುಳ್ಳು. ಅಂಥದ್ದನ್ನು ಭೂತಗನ್ನಡಿಯಲ್ಲಿ ಅಂಚಿನ ಗೆರೆ, ಅಕ್ಷರದ ಬುಡ ನೋಡಿಯೇ ಹಿಡಿಯಬೇಕು. ಎರಕ ಹೊಯ್ದ ವರಹಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ರಾಮಟಂಕಿಯನ್ನು ಪುರಾತನ ನಾಣ್ಯವೆಂದು ತರುವವರೂ ಇದ್ದಾರೆ. ಅದು ಪೂಜೆಗೆಂದು ಮಾಡಿಸಿದ್ದು, ಚಲಾವಣೆಯದಲ್ಲ. ನಮಗೆ ಅನುಮಾನ ಉಳಿದರೆ ಚೀಟಿಯಲ್ಲಿ ‘ಅನುಮಾನ’ ಎಂದೇ ಬರೆಯುತ್ತೇವೆ.

ತರುವ ಮುಂಚೆ ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ಅಂಟುವಾಳ, ಬ್ರಷ್ಷು ಯಾವುದೂ ಬೇಡ. ಲಕ್ಷ್ಮೀಪೂಜೆಯ ಕುಂಕುಮ ಮೆತ್ತಿದ್ದರೂ ಹಾಗೆಯೇ ತನ್ನಿ. ಒಂದೇ ಡಬ್ಬಿಯಲ್ಲಿ ಗಲಗಲ ಅನ್ನಿಸದೆ ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಸೇರುತ್ತದೆ. ಅದನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ನಮ್ಮಲ್ಲಿ ಇಲ್ಲ. ಆದ್ದರಿಂದ ಅಂಥವನ್ನು ನಾವು ಕೊಳ್ಳುವುದಿಲ್ಲ. ಲೈಸೆನ್ಸ್ ಇರುವ ನಾಣ್ಯ ವ್ಯಾಪಾರಿಗಳ, ಹರಾಜಿನವರ ವಿಳಾಸ ಕೊಡುತ್ತೇವೆ, ನೀವೇ ನೇರ ಮಾತಾಡಬಹುದು, ನಮಗೆ ಕಮಿಷನ್ ಇಲ್ಲ. ಅಮೆರಿಕದಲ್ಲಿರುವ ಮಗನಿಗೆ ಅಜ್ಜನ ವರಹ ಕಳಿಸಬೇಕೆನ್ನುವವರು ಗಮನಿಸಿ: ಖಾಸಗಿಯವರು ಇವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ತೋಟದಲ್ಲಿ ಅಗೆಯುವಾಗ ಸಿಕ್ಕ ನಾಣ್ಯವನ್ನಂತೂ ನಮ್ಮ ಬಳಿ ತರಲೇಬೇಡಿ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ಆಗದ ಸವರನ್‌ಗಳನ್ನು ಮಾತ್ರ, ಚೀಟಿ ಕೊಟ್ಟು ಒಂದು ವಾರ ಕಳೆದ ಮೇಲೆ, ನೀವು ಒಪ್ಪಿದರೆ ಕೊಳ್ಳುತ್ತೇವೆ. ಹತ್ತು ಸಾವಿರ ರೂಪಾಯಿ ಮೀರಿದ್ದೆಲ್ಲ ಬ್ಯಾಂಕ್ ಖಾತೆಗೇ.

ತಂದೆ-ತಾಯಿಯಿಂದ ಬಂದ ನಾಣ್ಯವಾದರೆ ಎಲ್ಲ ಪಾಲುದಾರರ ಸಹಿಯಿರುವ ಒಪ್ಪಿಗೆ ಪತ್ರ ಬೇಕು. ಹೆಣ್ಣುಮಕ್ಕಳೂ ಪಾಲುದಾರರೇ. ಅಣ್ಣ ಮಾರಿಹೋದ ವಾರಕ್ಕೆ ತಂಗಿ ಫೋನು ಮಾಡುವುದು ಅವರಿಗೂ ಬೇಡ, ನಮಗೂ ಬೇಡ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆಯಿಲ್ಲ, ಮಾರಿದಾಗಿನ ಲಾಭಕ್ಕೆ ಇದೆ. ಹಿರಿಯರು ಇಟ್ಟುಕೊಂಡಿದ್ದ ಕಾಲವೂ ಲೆಕ್ಕಕ್ಕೆ ಬರುವುದರಿಂದ ಸಾಮಾನ್ಯವಾಗಿ ದೀರ್ಘಾವಧಿಯ 12.5% ದರ ಅನ್ವಯಿಸುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಆಸ್ತಿಯಾದರೆ ಆ ದಿನದ ಬೆಲೆಯನ್ನೇ ಅಸಲು ಎಂದು ತೋರಿಸಬಹುದು. ನಮ್ಮ ಚೀಟಿಯಲ್ಲಿ ತೂಕ, ಶುದ್ಧತೆ, ಎರಡೂ ಬದಿಯ ಫೋಟೋ ಇರುತ್ತದೆ, ನಿಮ್ಮ ಆಡಿಟರ್‌ಗೆ ಅನುಕೂಲ.

ಪರೀಕ್ಷೆಗೆ ನಾಣ್ಯವೊಂದಕ್ಕೆ 100 ರೂಪಾಯಿ, ಹತ್ತಕ್ಕಿಂತ ಹೆಚ್ಚಿದ್ದರೆ ಒಟ್ಟಿಗೆ 1,000. ಬುಧವಾರ ಮಧ್ಯಾಹ್ನ 3ರಿಂದ 6ರವರೆಗೆ, ಮಹಡಿಯ ಮೇಲಿನ ಕೋಣೆಯಲ್ಲಿ, ನಿಮ್ಮ ಎದುರಿಗೇ. ನಾಣ್ಯಗಳನ್ನು ರಾತ್ರಿ ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ಆಧಾರ್, ಪಾನ್ ಕಾರ್ಡಿನ ಪ್ರತಿ ತನ್ನಿ, ಹಿಂದಿನ ದಿನ ಅಂಗಡಿಗೆ ಫೋನು ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು